ಹೊಗೆಯ ದಾರಿ: ಹುಳು ಬದುಕಿದ ವ್ಯಾನು

ಬೆಳಗಿನ ಕರೆಂಟು ಹೋಗುವುದಕ್ಕೆ ಸ್ವಲ್ಪ ಮುಂಚೆ ನನ್ನ ಕಂಪ್ಯೂಟರು ಮುನೇಶನನ್ನು ಬಿಡುಗಡೆ ಮಾಡಿತು.

ಕೋರ್ಟು ಇನ್ನೂ ಮಾಡಿರಲಿಲ್ಲ. ಅದು ನಾಳೆಯ ಮಾತು. ನಾಳೆ ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ಅವನ ಜಾಮೀನು ಅರ್ಜಿ ಬರುತ್ತದೆ. ಇವನ ಕೆಟ್ಟ ವೆಲ್ಡಿಂಗಿನಿಂದಲೇ ವ್ಯಾನಿನ ಹೊಗೆಗೆ ಸಿಕ್ಕಿ ನರಸಿಂಹಪ್ಪ ಸತ್ತದ್ದು ಎಂದು ಪೊಲೀಸರು ಮತ್ತೆ ಅದೇ ರಾಗ ಹಾಡಿದರೆ ಮುನೇಶ ಒಳಗೇ ಉಳಿಯುತ್ತಾನೆ, ಅವನ ಗ್ಯಾರೇಜಿನ ಬೀಗ ಇನ್ನು ತೆಗೆಯುವ ಹಾಗಿರುವುದಿಲ್ಲ.

ಆದರೆ ತೆರೆಯ ಮೇಲಿದ್ದ ಚಿತ್ರ ನನಗೆ ಸಾಕಾಗಿತ್ತು. ನಾನು ತನುಜ, ಇಲ್ಲಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಪಾಠ ಮಾಡುವವಳು. ಇಂಜಿನ್ನಿನಿಂದ ಹೊರಟ ಹೊಗೆ ಸೈಲೆನ್ಸರಿನ ಬಾಯಿ ತಲುಪುವವರೆಗೆ ಏನೇನು ಆಟ ಆಡುತ್ತದೆ ಎಂಬುದೇ ನನ್ನ ಸಂಶೋಧನೆ. ಮನುಷ್ಯರ ವಿಷಯದಲ್ಲಿ ನನ್ನನ್ನು ಯಾರಾದರೂ ಯಾಮಾರಿಸಬಹುದು. ಹೊಗೆಯ ವಿಷಯದಲ್ಲಿ ಆಗುವುದಿಲ್ಲ.

"ಅಕ್ಕಾ, ಆಯ್ತಾ?" ಕಿಟಕಿಯ ಹತ್ತಿರದಿಂದ ಕಲ್ಯಾಣಿ ಕೇಳಿದಳು.

"ಆಯ್ತು ಕಣೇ. ಬಾ, ನೋಡು."

ಕಲ್ಯಾಣಿ ಮುನೇಶನ ಹೆಂಡತಿ, ನನ್ನ ಚಿಕ್ಕಪ್ಪನ ಮಗಳು. ಶಿಡ್ಲಘಟ್ಟದ ಹತ್ತಿರದ ನಮ್ಮೂರಲ್ಲಿ ಒಂದೇ ಸೂರಿನ ಕೆಳಗೆ ರೇಷ್ಮೆ ಹುಳುವಿನ ಜೊತೆ ಬೆಳೆದವರು ನಾವಿಬ್ಬರು. ನಾನು ಪುಸ್ತಕ ಹಿಡಿದೆ, ಅವಳು ಹುಳು ಬಿಡಲಿಲ್ಲ. ಈಗ ನಂದಿಯಲ್ಲಿ ನರಸಿಂಹಪ್ಪನ ಚಾಕಿ ಕೇಂದ್ರದಲ್ಲಿ ಕೆಲಸ. ಮೊಟ್ಟೆಯೊಡೆದ ಹುಳುವನ್ನು ಎರಡನೇ ಜ್ವರದವರೆಗೆ, ಅಂದರೆ ಎರಡನೇ ಸಲ ಮೇವು ಬಿಟ್ಟು ಪೊರೆ ಕಳಚುವವರೆಗೆ, ಸಾಕಿ, ಟ್ರೇಗಳಲ್ಲಿ ತುಂಬಿ ರೈತರ ಮನೆಗೆ ಕಳಿಸುವ ಜಾಗ ಅದು. ಎಳೆ ಹುಳುವಿನ ಮೇಲೆ ಅವಳ ಕೈಯಾಡಿದರೆ ಒಂದೂ ಕೊರಗುವುದಿಲ್ಲ ಎಂದು ನರಸಿಂಹಪ್ಪನೇ ಹೇಳುತ್ತಿದ್ದನಂತೆ.

ಆ ನರಸಿಂಹಪ್ಪನೇ ಎರಡು ವಾರದ ಹಿಂದೆ, ಬೆಳಗಿನ ಜಾವ, ಹುಳುವಿನ ಟ್ರೇ ತುಂಬಿದ ತನ್ನ ಪೆಟ್ರೋಲ್ ವ್ಯಾನನ್ನು ಕಳವಾರದ ರಸ್ತೆ ಪಕ್ಕ ನಿಲ್ಲಿಸಿ, ಗಾಜು ಏರಿಸಿ, ಒಂದು ಕೋಳಿನಿದ್ದೆಗೆ ಒರಗಿದವನು ಏಳಲಿಲ್ಲ. ಇಂಜಿನ್ ಓಡುತ್ತಲೇ ಇತ್ತು. ರಕ್ತದ ತುಂಬ ಕಾರ್ಬನ್ ಮಾನಾಕ್ಸೈಡ್. ಸೀಟಿನ ಕೆಳಗಿನ ಹೊಗೆ ಪೈಪಿನಲ್ಲಿ, ಮುನೇಶ ಆ ವಾರವಷ್ಟೇ ವೆಲ್ಡಿಂಗ್ ಮಾಡಿದ ಜಾಗದ ಪಕ್ಕದಲ್ಲೇ, ಒಂದು ಬಿರುಕು.

ಕಲ್ಯಾಣಿ ಆ ದಿನ ರಜ ಹಾಕಿ ಚಿಂತಾಮಣಿಯ ನೆಂಟರ ಮನೆಗೆ ಹೋಗಿದ್ದವಳು, ಸುದ್ದಿ ಕೇಳಿ ಓಡಿ ಬರುವಷ್ಟರಲ್ಲಿ ಗಂಡನನ್ನು ಜೀಪು ಹತ್ತಿಸಿದ್ದರು. ಅಂದೇ ನನ್ನ ಮನೆ ಬಾಗಿಲಿಗೆ ಬಂದು, "ಅಕ್ಕಾ, ನಿನ್ ಕಂಪ್ಯೂಟರ್‌ಗೆ ಹೊಗೆ ದಾರಿ ಗೊತ್ತಾಗ್ತದಂತಲ್ಲ, ಇವ್ರನ್ನ ಬಿಡಿಸು," ಎಂದು ನನ್ನ ಎರಡೂ ಕೈ ಹಿಡಿದುಕೊಂಡಿದ್ದಳು.

ಈಗ ಅವಳು ಗಂಡನಿಗೆ ತಂದಿದ್ದ ಊಟದ ಡಬ್ಬಿಯನ್ನು ಕಿಟಕಿ ಕಟ್ಟೆಯ ಮೇಲಿಟ್ಟಳು. ನಮ್ಮ ಲ್ಯಾಬಿನ ಕಿಟಕಿಯಲ್ಲಿ ವಿದ್ಯಾರ್ಥಿಗಳಿಗಿಂತ ಇರುವೆಗಳ ಹಾಜರಿ ಹೆಚ್ಚು. ಅವಳು ಚೀಲದಿಂದ ಕ್ಯಾಮೆರಾ ರೀಲಿನ ಕಪ್ಪು ಡಬ್ಬಿ ತೆಗೆದಳು. ಅದರೊಳಗಿಂದ ಹಳದಿ ಬೂದಿ ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತ ಊಟದ ಸುತ್ತ ಗೆರೆ ಎಳೆದಳು. ಎಳೆದು, ಕೊನೆಗೆ ಒಂದು ಬೆರಳಗಲ ಜಾಗ ಬಿಟ್ಟಳು.

ನನಗೆ ನಗು ಬಂತು. "ಇನ್ನೂ ಅಜ್ಜಿ ಗೆರೆ ಬಿಟ್ಟಿಲ್ವೇನೇ?"

"ಬಿಡದೆಂಗಕ್ಕ? ಕೈ ತಾನೇ ಎಳೀತದೆ."

ನಮ್ಮಜ್ಜಿ ಗಂಗುಲಮ್ಮ ಹುಳುವಿನ ಟ್ರೇಗಳ ಸುತ್ತ ಹೀಗೇ ಎಳೆಯುತ್ತಿದ್ದಳು. ಒಲೆ ಬೂದಿಗೆ ಅರಿಶಿನ ಬೆರೆಸಿ ಒಂದು ಸುತ್ತು, ಅದರಲ್ಲಿ ಒಂದು ಬೆರಳಷ್ಟು ದಾರಿ. ಒಳಗೆ ಸಿಕ್ಕಿಕೊಂಡ ಇರುವೆ ಆಚೆ ಹೋಗಬೇಕಲ್ಲ ಎಂಬುದು ಅವಳ ನ್ಯಾಯ. ಅದೇ ದಾರಿಯಲ್ಲಿ ಒಳಗೂ ಬರುತ್ತದಲ್ಲಜ್ಜಿ ಎಂದು ನಾನು ವಾದಿಸಿ ಬೈಸಿಕೊಂಡಿದ್ದೆ. ಊರಿನವರೆಲ್ಲ ಈ ಗೆರೆ ನೋಡಿ ನಗುತ್ತಿದ್ದರು, ಯಾರೂ ಕಲಿಯಲಿಲ್ಲ. ಕಲಿತವರು ಮೊಮ್ಮಕ್ಕಳು ನಾವಿಬ್ಬರೇ, ಅದರಲ್ಲಿ ನಾನು ಎಂದೋ ಬಿಟ್ಟೆ.

"ಈಗ ಇಲ್ಲಿ ನೋಡು," ಎಂದೆ.

ತೆರೆಯ ಮೇಲೆ ವ್ಯಾನಿನ ಹೊಗೆ ಪೈಪು ಉದ್ದಕ್ಕೆ ಮಲಗಿತ್ತು, ಒಂದು ತುದಿ ಕೆಂಪು, ಒಂದು ತುದಿ ನೀಲಿ. ಅದನ್ನು ಕಡಲೆಕಾಳಿನಷ್ಟು ಚಿಕ್ಕ ಚಿಕ್ಕ ಗೂಡುಗಳಾಗಿ ಒಡೆದು, ಪ್ರತಿ ಗೂಡಿಗೂ ಎಷ್ಟು ಗಾಳಿ ಬಂತು, ಎಷ್ಟು ಹೋಯಿತು, ಒತ್ತಡವೆಷ್ಟು ಎಂದು ಕಂಪ್ಯೂಟರು ಲೆಕ್ಕ ಹಾಕಿತ್ತು. ಮೂರು ಸಲ ಕರೆಂಟು ಹೋಗಿ ಲೆಕ್ಕ ಅರ್ಧಕ್ಕೇ ಸತ್ತಿತ್ತು. ನಾಲ್ಕನೇ ಸಲ ಪ್ರಿನ್ಸಿಪಾಲರ ಕೋಣೆಯ ಯುಪಿಎಸ್ ಹೊತ್ತು ತಂದೆ. ಅವರು ಆಮೇಲೆ ಬೈದರೆ ಬೈಯಲಿ.

"ನಿನ್ ಗಂಡ ಕೊಂದಿಲ್ಲ ಕಣೇ," ಎಂದೆ. "ಬರೀ ಆ ಬಿರುಕಿಂದ ಮನುಷ್ಯ ಸಾಯಲ್ಲ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಆಗ ನನಗಾದ ಸಂತೋಷಕ್ಕೆ ಹೆಸರಿಲ್ಲ. ಓದಿದ್ದು ಮನೆಯವರಿಗೆ ಉಪಯೋಗಕ್ಕೆ ಬರುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ?

"ಮತ್ತೆ ಹೆಂಗಕ್ಕ ಸತ್ತಿದ್ದು?"

"ಸೈಲೆನ್ಸರ್ ಬಾಯಿ ಯಾರೋ ಮುಚ್ಚಿದಾರೆ. ಆಚೆ ಹೋಗೋ ದಾರಿ ಇಲ್ದೆ ಹೊಗೆಯೆಲ್ಲ ಬಿರುಕಲ್ಲಿ ನುಗ್ಗಿದೆ."

ಕಲ್ಯಾಣಿಯ ಅಳು ನಿಂತಿತು. ತೆರೆಯ ಹತ್ತಿರ ಬಂದು ಬಗ್ಗಿ ನೋಡಿದಳು.

"ಬಾಯಿ ಮುಚ್ಚಿದ್ರೆ ಇಂಜಿನ್ನು ನಿಂತೋಗ್ಬೇಕಲ್ಲಕ್ಕ?"

"ಪೈಪು ಗಟ್ಟಿ ಇದ್ದಿದ್ರೆ ನಿಂತೋಗ್ತಿತ್ತು. ಬಿರುಕಿತ್ತಲ್ಲ, ಇಂಜಿನ್ನಿಗೆ ಉಸಿರಾಡಕ್ಕೆ ಅದೇ ದಾರಿ ಆಯ್ತು. ಓಡ್ತಾನೇ ಇತ್ತು." ಮೆಕ್ಯಾನಿಕ್ಕನ ಹೆಂಡತಿ ಎಷ್ಟು ಚೆನ್ನಾಗಿ ಕೇಳಿದಳು ಎಂದು ಮೆಚ್ಚಿಕೊಂಡೆ.

"ಓ," ಎಂದಳು. ಬೂದಿ ಗೆರೆಯನ್ನು ಅಂಗೈಯಿಂದ ಒರೆಸಿ, ಡಬ್ಬಿ ಎತ್ತಿಕೊಂಡು, ಜೈಲಿಗೆ ಹೊತ್ತಾಯಿತೆಂದು ಹೊರಟಳು. ಪಾಪ, ಗಂಡನಿಗೆ ಸುದ್ದಿ ಹೇಳುವ ಆತುರ ಎಂದುಕೊಂಡೆ.

ಅವಳು ಗೇಟು ದಾಟುವ ಹೊತ್ತಿಗೆ ಇನ್‌ಸ್ಪೆಕ್ಟರ್ ಕೆಂಪರಾಜು ಅವರ ಜೀಪು ಒಳಗೆ ಬಂತು.

ಕೆಂಪರಾಜು ಗೌರಿಬಿದನೂರಿನಿಂದ ವರ್ಗವಾಗಿ ಬಂದವರು. ಒಳ್ಳೆಯ ಮನುಷ್ಯ, ಆದರೆ ಕೈಯಲ್ಲಿ ಮುಟ್ಟದೆ ಏನನ್ನೂ ನಂಬುವುದಿಲ್ಲ. ಒಂದು ಸಿಗರೇಟು ಮುಗಿಯುವ ಮುಂಚೆ ಇನ್ನೊಂದನ್ನು ಹಚ್ಚುವ ಜಾತಿ.

"ಬೆಂಗಳೂರಿಂದ ತರಿಸಿದ್ದ ವರದೀನೂ ಕಂಪ್ಯೂಟರ್‌ದೇ ಮೇಡಂ," ಎಂದರು ಕುರ್ಚಿ ಎಳೆದುಕೊಳ್ಳುತ್ತ. "ಅದು ಮುನೇಶ ತಪ್ಪಿತಸ್ಥ ಅಂತದೆ. ನಿಮ್ದು ಅಲ್ಲ ಅಂತದೆ. ಎರಡು ಕಂಪ್ಯೂಟರ್ ಜಗಳ ಆಡಿದ್ರೆ ನಾನ್ ಯಾರ್ ಕಡೆ?"

"ಸರಿಯಾದ ಪ್ರಶ್ನೆ ಕೇಳಿದ ಕಂಪ್ಯೂಟರ್ ಕಡೆ," ಎಂದೆ. "ಅವರು ಲೆಕ್ಕ ಶುರು ಮಾಡಿದ್ದೇ ವ್ಯಾನಿನ ಒಳಗಿಂದ. ಬಿರುಕಲ್ಲಿ ಇಷ್ಟು ಹೊಗೆ ಬಂತು ಅಂತ ತಾವೇ ಇಟ್ಕೊಂಡು, ಅದು ಒಳಗೆಲ್ಲ ಹೆಂಗೆ ತುಂಬ್ತು ಅಂತ ನೋಡಿದಾರೆ. ಅಷ್ಟು ಹೊಗೆ ಆ ಬಿರುಕಿಗೆ ಬಂದಿದ್ದು ಯಾಕೆ ಅಂತ ಕೇಳೇ ಇಲ್ಲ. ನಾನು ಇಂಜಿನ್ನಿಂದ ಶುರು ಮಾಡ್ದೆ."

"ಸರಿ, ಹೇಳಿ."

"ನಲ್ಲಿ ಪೈಪು ತಗೊಳ್ಳಿ. ಒಂದ್ಕಡೆ ಚಿಕ್ಕ ತೂತಿದೆ, ತುದಿ ಪೂರ್ತಿ ತೆರೆದಿದೆ. ತೂತಲ್ಲಿ ನೀರು ಎಷ್ಟು ಬರ್ತದೆ?"

"ತೊಟ್ಟಿಕ್ತದೆ."

"ತುದೀನ ಹೆಬ್ಬೆರಳಲ್ಲಿ ಮುಚ್ಚಿ."

ಅವರು ತಮ್ಮ ಹೆಬ್ಬೆರಳನ್ನೇ ನೋಡಿಕೊಂಡರು. "ಚಿಮ್ತದೆ."

"ಅಷ್ಟೇ ಸಾರ್. ಸೈಲೆನ್ಸರ್ ಬಾಯಿ ತೆರೆದಿದ್ರೆ ನಿಂತ ಗಾಡೀಲಿ ಪೈಪಿನೊಳಗೆ ಒತ್ತಡಾನೇ ಇರಲ್ಲ. ಬಿರುಕಲ್ಲಿ ಬರೋ ಹೊಗೆಗೆ ತಲೆನೋವು ಬರ್ತದೆ, ಸಾವಲ್ಲ. ಬಾಯಿ ಮುಚ್ಚಿದ್ರೇನೇ ಸಾವು."

ಇನ್ನೊಂದು ಚಿತ್ರ ತೆಗೆದೆ. ಅವರದೇ ಇಲಾಖೆಯ ಫೋಟೊ, ವ್ಯಾನಿನ ತಳದ್ದು. ಬಿರುಕಿನ ಮೇಲಿನ ತಗಡಿಗೆ ಬೀಸಣಿಗೆ ಬಿಚ್ಚಿದ ಹಾಗೆ ಅಂಗೈಯಗಲ ಮಸಿ ಹಿಡಿದಿತ್ತು. ಪಕ್ಕದಲ್ಲಿ ನನ್ನ ಲೆಕ್ಕದ ಚಿತ್ರಗಳನ್ನಿಟ್ಟೆ. ಬಾಯಿ ತೆರೆದಿದ್ದರೆ ಮಸಿ ನಾಲ್ಕಾಣೆಯಗಲ. ಅರ್ಧ ಮುಚ್ಚಿದರೆ ಸ್ವಲ್ಪ ಹೆಚ್ಚು. ಹೆಚ್ಚುಕಡಿಮೆ ಪೂರ್ತಿ ಮುಚ್ಚಿದಾಗ ಮಾತ್ರ ಅದೇ ಬೀಸಣಿಗೆ, ಅದೇ ಅಂಗೈಯಗಲ.

ಕೆಂಪರಾಜು ಎರಡನ್ನೂ ತುಂಬ ಹೊತ್ತು ನೋಡಿದರು. ಸಿಗರೇಟು ಬೆರಳು ಸುಡುವವರೆಗೂ ಗಮನಕ್ಕೆ ಬರಲಿಲ್ಲ.

"ಅಂದ್ರೆ ಇದು ಬೇಜವಾಬ್ದಾರಿ ಕೇಸಲ್ಲ. ಕೊಲೆ."

"ಯಾರೋ ಮುಚ್ಚಿದಾರೆ, ಆಮೇಲೆ ಯಾರೋ ತೆಗೆದಿದಾರೆ. ನೀವು ಹೋದಾಗ ಬಾಯಲ್ಲಿ ಏನಾದ್ರೂ ಇತ್ತಾ?"

"ಏನೂ ಇರ್ಲಿಲ್ಲ." ಅವರು ಎದ್ದರು. "ಮೇಡಂ, ನೀವ್ ಹೇಳೋದು ನನಗೆ ಹಿಡಿಸ್ತು. ಆದ್ರೆ ಬಣ್ಣದ ಚಿತ್ರ ತೋರಿಸಿದ್ರೆ ಜಡ್ಜ್ ಸಾಹೇಬ್ರು ಟೀವಿ ನೋಡ್ದಂಗೆ ನೋಡಿ, ಸಾಕ್ಷಿ ಎಲ್ರೀ ಅಂತಾರೆ. ಮುಚ್ಚಿದ್ದು ಯಾರು ಅಂತ ಒಂದು ಗುರುತು ಸಿಗಲಿ. ನಾಳೆ ನಾನೇ ನಿಂತು, ಮುನೇಶನ ಮೇಲೆ ಅನುಮಾನ ಇಲ್ಲ ಅಂತ ಹೇಳ್ತೀನಿ. ಸಿಗಲಿಲ್ವೋ, ಅವನು ಒಳಗೇ."

"ಸಿಗ್ತದೆ," ಎಂದೆ. ನನಗೆ ಲವಲೇಶವೂ ಅನುಮಾನವಿರಲಿಲ್ಲ.

ಆ ಬೆಳಿಗ್ಗೆ ಅದೇ ಹೊಗೆಯ ವ್ಯಾನಿನಲ್ಲಿದ್ದ ಹುಳು ಎಲ್ಲಿಗೆ ಹೋದವು ಎಂದು ನಾನು ಕೇಳಿದಾಗ ಕೆಂಪರಾಜು ನಕ್ಕರು. ಆದರೂ ಜೀಪು ಮಂಡಿಕಲ್ಲಿನ ಕಡೆ ತಿರುಗಿತು. ಅಷ್ಟೂ ಟ್ರೇಗಳನ್ನು ಕೊಂಡವನು ಅಲ್ಲಿಯ ರೈತ ಬಯ್ಯಪ್ಪ.

ಬಯ್ಯಪ್ಪನ ಹುಳುಮನೆಯ ಬಾಗಿಲಲ್ಲಿ ನಾವು ಚಪ್ಪಲಿ ಬಿಟ್ಟೆವು, ಕಾಲು ತೊಳೆದೆವು. ನಾನು ಒಳಗೆ ಹೋದೆ. ಕೆಂಪರಾಜು ಹೊಸ್ತಿಲು ದಾಟುವಷ್ಟರಲ್ಲಿ ಬಯ್ಯಪ್ಪ ಅಡ್ಡ ನಿಂತ.

"ತಪ್ಪು ತಿಳ್ಕೋಬ್ಯಾಡಿ ಸಾಮಿ. ನೀವು ಸಿಗರೇಟು ಸೇದಿದೀರ. ಒಳಗ್ ಬರಂಗಿಲ್ಲ."

"ಆರಿಸಿ ಬಂದಿದೀನಪ್ಪ!"

"ಕೈಯಲ್ಲಿ ವಾಸ್ನೆ ಐತಲ್ಲ. ಹುಳು ಸೊಪ್ಪು ಬಿಡ್ತವೆ, ವಾಂತಿ ಮಾಡ್ಕೊತವೆ. ಸೋಪಾಕಿ ತೊಳ್ದು, ಒಂದ್ ಗಳಿಗೆ ಗಾಳಿಗೆ ನಿಂತ್ಕಳಿ. ಆಮೇಲ್ ನೋಡಣ."

ಜಿಲ್ಲೆಯ ಅರ್ಧ ರೌಡಿಗಳು ಹೆದರುವ ಮನುಷ್ಯ ಹುಳುಗಳ ಮರ್ಜಿ ಕಾಯುತ್ತ ಅಂಗಳದಲ್ಲಿ ಕೈ ಒಣಗಿಸಿಕೊಂಡು ನಿಂತರು. ನಾನು ನಗು ತಡೆದುಕೊಳ್ಳುತ್ತ ತಟ್ಟೆಗಳ ಮೇಲೆ ಬಗ್ಗಿದೆ.

ಹುಳು ನಾಲ್ಕನೇ ಜ್ವರ ಕಳೆದು ಬೆರಳುದ್ದ ಆಗಿದ್ದವು. ಹಾಲಿನ ಬಣ್ಣ, ನುಣುಪು ಮೈ. ಸೊಪ್ಪು ಕಡಿಯುವ ಸದ್ದಿಗೆ ಮಾತಾಡಬೇಕಾದರೆ ಗಂಟಲೇರಿಸಬೇಕಿತ್ತು. ಸೊರಗಿದ್ದು, ಹಿಂದೆ ಬಿದ್ದದ್ದು ಒಂದೂ ಕಾಣಲಿಲ್ಲ.

"ಚೆನ್ನಾಗಿ ಬಂದಿದಾವಣ್ಣ."

"ಈ ವರ್ಷದಲ್ಲೇ ಇಂಥ ಹುಳು ಕಂಡಿಲ್ಲಮ್ಮ. ಪಾಪ, ನರಸಿಂಹಪ್ಪನವ್ರು ಹೋಗ್ತಾ ಒಳ್ಳೆ ಹುಳು ಕೊಟ್ಟೋದ್ರು. ಅವ್ರು ಹೋದ ಸುದ್ದಿ ನಮ್ಗೆ ಸಂಜೇಗೇ ಗೊತ್ತಾಗಿದ್ದು. ಅವ್ರ ತಂಗಿ ಮಗ ಮೋಹನ್‌ಬಾಬು ತನ್ ಕಾರಲ್ಲಿ ತಂದು ಇಳಿಸಿ ಹೋದ, ಬಾಯೇ ಬಿಡ್ಲಿಲ್ಲ."

"ಚಾಕಿ ವ್ಯಾನು ಬಂದ್ರೆ ಹೆಂಗೆ ಇಳಿಸ್ತಾರಣ್ಣ? ನಮ್ ಕಾಲದಲ್ಲಿ ಮೊಟ್ಟೆ ತಂದು ಮನೇಲೇ ಸಾಕ್ತಿದ್ವಿ, ನಾನ್ ನೋಡಿಲ್ಲ."

"ಗಾಡಿ ನಿಂತ ತಕ್ಷಣ ಒದ್ದೆ ಗೋಣಿ ಚೂರನ್ನ ಸೈಲೆನ್ಸರ್ ಬಾಯಿಗೆ ತುರುಕಿ ಹುರಿ ಬಿಗೀತಾರೆ. ಆಮೇಲೇ ಹಿಂದಿನ ಬಾಗ್ಲು ತೆಗೆಯದು. ಹೊಗೆ ಹುಳುಗೆ ತಾಗಬಾರ್ದಲ್ಲ."

ನನ್ನ ಕೈಯಲ್ಲಿದ್ದ ಹುಳು ಮೆಲ್ಲಗೆ ಮಣಿಕಟ್ಟಿನ ಕಡೆ ನಡೆಯಿತು. ಅದನ್ನು ಸೊಪ್ಪಿನ ಮೇಲೆ ಬಿಟ್ಟು ಹೊರಗೆ ಬಂದೆ.

"ಸಾರ್, ನಿಮ್ಮ ಕೈಯ ವಾಸನೆಗೇ ಒಳಗೆ ಬಿಡಲಿಲ್ಲ."

"ಅದನ್ನ ಊರಿಗೆಲ್ಲ ಹೇಳ್ಬೇಡಿ."

"ಮನುಷ್ಯ ಸಾಯುವಷ್ಟು ಹೊಗೆ ತುಂಬಿದ ವ್ಯಾನಲ್ಲಿ ಈ ಹುಳು ಎರಡನೇ ಜ್ವರದ ಎಳೆ ಮೈಯಲ್ಲಿ ಇದ್ವಂತೆ. ಮಾನಾಕ್ಸೈಡ್ ಹುಳುಗೆ ನಮ್ಮಷ್ಟು ತಾಗಲ್ಲ, ಒಪ್ಪೋಣ. ಆದ್ರೆ ಪೆಟ್ರೋಲ್ ಹೊಗೇಲಿ ಬೇರೆ ಕೊಳಕು ಎಷ್ಟಿರ್ತದೆ? ಅರ್ಧದಷ್ಟಾದ್ರೂ ಸಾಯಬೇಕಿತ್ತು. ಒಂದೂ ಸತ್ತಿಲ್ಲ."

ಕೆಂಪರಾಜು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸುತ್ತಿದ್ದವರು ಹಾಗೇ ನಿಂತರು. "ವ್ಯಾನಲ್ಲಿ ಇರಲೇ ಇಲ್ಲ ಅಂತೀರಾ?"

"ಹೊಗೆ ತುಂಬೋಕೆ ಮುಂಚೆ ಯಾರೋ ಇಳಿಸಿದಾರೆ. ನರಸಿಂಹಪ್ಪನ್ನ ಒಳಗೇ ಬಿಟ್ಟು, ಹುಳು ಮಾತ್ರ ಇಳಿಸಿದಾರೆ. ಬಾಗಿಲ ಸದ್ದಿಗೆ ಎಚ್ಚರ ಆದ್ರೂ, ನಮ್ಮವರೇ ಅಂತ ಅವರು ಮತ್ತೆ ಕಣ್ಣು ಮುಚ್ಚಿರಬೇಕು."

ಬೇರೆ ಊರಿನ ಕೊಲೆಗಾರನಾಗಿದ್ದರೆ ಹುಳುವಿನ ಗೊಡವೆಗೆ ಹೋಗುತ್ತಿರಲಿಲ್ಲ. ಮನುಷ್ಯನ ಮೇಲೆ ಎಷ್ಟೇ ಸಿಟ್ಟಿರಲಿ, ಹುಳುವಿಗೆ ಹೊಗೆ ತಾಗಿಸಲು ಕೈ ಬರಲಿಲ್ಲ ಎಂದರೆ ಅದು ನಮ್ಮ ಕಡೆಯ ಕೈ. ಹುಟ್ಟಿದಾಗಿನಿಂದ ಹುಳುಮನೆಯಲ್ಲಿ ಆಡಿದ ಕೈ. ಇಷ್ಟು ಹೊಳೆದದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

"ವ್ಯಾನನ್ನ ಮೊದಲು ಕಂಡಿದ್ದು ನರಸಿಂಹಪ್ಪನ ತಂಗಿ ಮಗ ಮೋಹನ್‌ಬಾಬು," ಎಂದರು ಕೆಂಪರಾಜು. "ಟ್ರೇಗಳು ವ್ಯಾನಲ್ಲೇ ಇದ್ವು ಅಂತ ಹೇಳಿಕೆ ಕೊಟ್ಟಿರೋನೂ ಅವನೇ. ಮಾವ ಹೋದ್ಮೇಲೆ ಕೇಂದ್ರ ನಡೆಸ್ತಿರೋನೂ ಅವನೇ."

"ಕಳವಾರಕ್ಕೆ ಕರೆಸಿ ಸಾರ್. ಆ ಜಾಗಕ್ಕೇ."

ಕಳವಾರದ ರಸ್ತೆಯಲ್ಲಿ, ಬೆಟ್ಟ ಕಾಣುವ ತಿರುವಿನಲ್ಲಿ ನಾವು ಕಾಯುತ್ತಿದ್ದಾಗ ಮೋಹನ್‌ಬಾಬು ಬಂದ. ಇಸ್ತ್ರಿ ಮಾಡಿದ ಬಿಳಿ ಶರಟು, ತಣ್ಣಗಿನ ಮುಖ. ನನ್ನನ್ನು ನೋಡಿ ಕೈ ಮುಗಿದ, ಇನ್‌ಸ್ಪೆಕ್ಟರಿಗೆ ಕುರ್ಚಿ ಇಲ್ಲವಲ್ಲ ಎಂದು ಪೇಚಾಡಿದ. ಬಯಲಲ್ಲಿ ನಿಂತೂ ಉಪಚಾರ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

"ಆವತ್ತು ಏನಾಯ್ತು, ಇನ್ನೊಂದ್ಸಲ ಹೇಳಿ," ಎಂದೆ.

"ಹೇಳಿಕೇಲಿ ಹೇಳಿದೀನಲ್ಲ ಮೇಡಂ. ಮಾವ ಮಂಡಿಕಲ್ ಮುಟ್ಟಿಲ್ಲ ಅಂತ ಫೋನ್ ಬಂತು, ಹುಡುಕ್ಕೊಂಡು ಬಂದೆ. ಇಲ್ಲೇ ವ್ಯಾನಿತ್ತು. ಸೆಲ್ಫ್ ಕೆಟ್ಟಿತ್ತು ಅಂತ ಮಾವ ಇಂಜಿನ್ ಆರಿಸ್ತಿರ್ಲಿಲ್ಲ, ಆರಿಸಿದ್ರೆ ತಳ್ಳಬೇಕಾಗ್ತಿತ್ತು. ಬಾಗ್ಲು ತೆಗೆದ್ರೆ ಹೊಗೆ. ಮಾವ ಆಗ್ಲೇ ತಣ್ಣಗಾಗಿದ್ರು. ಇಂಜಿನ್ ಆರಿಸಿ, ಟ್ರೇ ಇಳಿಸಿ ನನ್ ಕಾರಿಗೆ ಹಾಕ್ದೆ."

"ಟ್ರೇ ಎಲ್ಲಿದ್ವು?"

"ವ್ಯಾನಲ್ಲಿ."

"ಸೈಲೆನ್ಸರ್ ಬಾಯಲ್ಲಿ ಏನಿತ್ತು?"

ಅವನ ಕೈ ಶರಟಿನ ತುದಿಗೆ ಹೋಯಿತು. "ಏನಿತ್ತು? ಏನೂ ಇರ್ಲಿಲ್ಲ."

"ಒದ್ದೆ ಗೋಣಿ," ಎಂದೆ. "ಹುರಿ ಬಿಗಿದಿತ್ತು. ನೀವೇ ಕಿತ್ತು ಎಸೆದ್ರಿ."

"ನೀವೇನು ನೋಡಿದ್ರಾ?"

"ನನ್ನ ಕಂಪ್ಯೂಟರು ನೋಡಿದೆ. ಬಾಯಿ ಮುಚ್ಚದೆ ಆ ತಗಡಿಗೆ ಅಷ್ಟು ಮಸಿ ಹಿಡಿಯಲ್ಲ. ಇನ್ನು ಹುಳು ವಿಷಯ. ಈಗ ಬಯ್ಯಪ್ಪನ ಮನೆಗೆ ಹೋಗಿ ಬಂದ್ವಿ. ಅಷ್ಟೂ ಬದುಕಿದಾವೆ. ಮಾವ ಸತ್ತ ಹೊಗೇಲಿ ಹುಳು ಬದುಕಿದ್ವು ಅಂತ ನಿಮ್ಮ ಕೇಂದ್ರದ ಯಾವ ಕೂಲಿ ಆಳಿಗಾದ್ರೂ ಹೇಳಿ ನೋಡಿ, ನಂಬ್ತಾರಾ?"

ಮೋಹನ್‌ಬಾಬು ಇನ್‌ಸ್ಪೆಕ್ಟರ ಕಡೆ ತಿರುಗಿದ. "ಏಮಿ ಸಾರ್ ಇದಿ? ನನ್ನನ್ನ ಕರ್ಸಿದ್ದು ಇದಕ್ಕಾ?"

"ಉತ್ತರ ಹೇಳಪ್ಪ," ಎಂದರು ಕೆಂಪರಾಜು ಮೆಲ್ಲಗೆ. ಅವರು ಮೆಲ್ಲಗೆ ಮಾತಾಡಿದಾಗಲೇ ಜನ ಹೆಚ್ಚು ಹೆದರುವುದು.

"ಹುಳು ಇಳಿಸಿದೋನು, ಗೋಣಿ ಕಟ್ಟಿದೋನು, ಆಮೇಲೆ ಬಂದು ಹುಡುಕಿದಂಗೆ ನಾಟಕ ಆಡಿದೋನು, ಎಲ್ಲ ಒಬ್ಬನೇ," ಎಂದೆ. "ನಾಳೆ ಮುನೇಶನ ಜಾಗದಲ್ಲಿ ನಿಲ್ಲಬೇಕಾದೋನೂ ಅವನೇ."

ಅವನ ತಣ್ಣಗಿನ ಮುಖ ಕಳಚಿ ಬಿತ್ತು. ರಸ್ತೆ ಪಕ್ಕದ ಮೈಲಿಗಲ್ಲಿನ ಮೇಲೆ ಧೊಪ್ಪನೆ ಕೂತ, ಬಿಳಿ ಶರಟಿನ ಮರ್ಯಾದೆ ನೋಡಲಿಲ್ಲ.

"ದೇವ್ರಾಣೆ ನಾನ್ ಕಟ್ಟಿಲ್ಲ ಸಾರ್. ಗೋಣಿ ಇತ್ತು, ನಿಜ. ಕಿತ್ತು ಎಸ್ದಿದ್ದೂ ನಿಜ. ಟ್ರೇ ಇಳಿಸಿದ ಮೇಲೆ ಗೋಣಿ ಕೀಳೋದು ನಮಗೆ ಅಭ್ಯಾಸ. ಟ್ರೇ ಆಚೆ ಇದ್ದಿದ್ದು ಕಂಡೆ, ಕೈ ತಾನಾಗೇ ಹೋಯ್ತು. ಕಿತ್ತ ಮೇಲೆ ಅಯ್ಯೋ ಅನ್ನಿಸ್ತು."

"ಟ್ರೇ ಆಚೆ ಇತ್ತಾ?" ಕೆಂಪರಾಜು ಒಂದು ಹೆಜ್ಜೆ ಮುಂದೆ ಬಂದರು.

"ಆ ಬಂಡೆ ಕೆಳಗೆ." ಅವನು ರಸ್ತೆಯಿಂದ ಸ್ವಲ್ಪ ಆಚೆಗಿದ್ದ, ಮುಂದಕ್ಕೆ ಚಾಚಿದ ದೊಡ್ಡ ಬಂಡೆಯೊಂದನ್ನು ತೋರಿಸಿದ. "ನೆರಳಲ್ಲಿ, ಒಂದರ ಮೇಲೊಂದು, ಮೇಲೆ ಒಣ ಪೇಪರ್ ಮುಚ್ಚಿತ್ತು. ಮನೇಲಿ ಜೋಡ್ಸಿದಂಗೆ ಜೋಡ್ಸಿತ್ತು ಸಾರ್. ಜ್ವರದ ಹುಳುಗೆ ತೇವ ಆಗಲ್ಲ ಅಂತ ಗೊತ್ತಿರೋರೇ ಇಟ್ಟಿದ್ದು."

"ವ್ಯಾನಲ್ಲಿದ್ವು ಅಂತ ಯಾಕೆ ಸುಳ್ಳು ಹೇಳ್ದೆ?"

"ಆಚೆ ಇದ್ವು ಅಂದ್ರೆ ಇಳಿಸಿದೋನು ನೀನೇ ಅಂತಿದ್ರಿ. ಈಗ ಅಂತಿಲ್ವಾ? ಹುಳು ಜಪ್ತಿ ಮಾಡ್ತಿದ್ರಿ. ಜ್ವರ ಬಿಟ್ಟು ಎದ್ದ ಹುಳು ಸೊಪ್ಪು ಕೇಳ್ತವೆ ಸಾರ್, ಸ್ಟೇಷನ್ನಲ್ಲಿ ಯಾರ್ ಹಾಕ್ತಿದ್ರು? ಸಾವಿನ ಗಾಡೀದು ಅಂದ್ರೆ ಯಾವ ರೈತ ಒಳಗೆ ಸೇರಿಸ್ತಿದ್ದ? ಅದಕ್ಕೇ ಮೊದ್ಲು ಹುಳು ಮುಟ್ಟಿಸಿದೆ, ಆಮೇಲೆ ನಿಮಗೆ ಫೋನ್ ಮಾಡ್ದೆ. ಮಾವ ಇದ್ದಿದ್ರೂ ಹಂಗೇ ಮಾಡು ಅಂತಿದ್ರು." ಇಷ್ಟು ಹೇಳಿ ಅವನು ಮುಖ ಮುಚ್ಚಿಕೊಂಡು ಅತ್ತ.

ಆ ಅಳು ನಾಟಕದ್ದಲ್ಲ ಎಂದು ನನಗೇ ಅನಿಸಿತು. ಅನಿಸಿದ್ದಕ್ಕೆ ಬೇಸರವೂ ಆಯಿತು. ಇಷ್ಟು ಹೊತ್ತು ಅವನೇ ಎಂದು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

"ನಾನು ನೋಡ್ತೀನಿ," ಎಂದು ಬಂಡೆಯ ಕಡೆ ನಡೆದೆ. ಆ ದಿನದಿಂದ ಮಳೆ ಬಿದ್ದಿಲ್ಲ. ಬಂಡೆಯ ಕೆಳಗೆ ಬಿಸಿಲೂ ನುಗ್ಗುವುದಿಲ್ಲ. ಏನಾದರೂ ಗುರುತು ಉಳಿದಿದ್ದರೆ ಅಲ್ಲೇ ಉಳಿದಿರಬೇಕು, ಅದೇ ನಾಳೆ ಮುನೇಶನನ್ನು ಮನೆಗೆ ಕಳಿಸುತ್ತದೆ.

ಬಗ್ಗಿ ನೋಡಿದೆ. ಉಳಿದಿತ್ತು.

ನೆಲದ ಮೇಲೆ, ಟ್ರೇಗಳನ್ನಿಟ್ಟ ಚೌಕದ ಸುತ್ತ, ಬೂದಿಯ ಗೆರೆ. ಬಣ್ಣ ಮಾಸಿತ್ತು, ಆದರೂ ಅರಿಶಿನ ಬೆರೆಸಿದ್ದು ಎಂದು ಗೊತ್ತಾಗುತ್ತಿತ್ತು. ಸುತ್ತು ಎಲ್ಲೂ ತುಂಡಾಗಿರಲಿಲ್ಲ. ನನ್ನ ಕಡೆಗಿದ್ದ ಮೂಲೆಯಲ್ಲಿ ಮಾತ್ರ ಒಂದು ಬೆರಳಗಲ ದಾರಿ ಬಿಟ್ಟಿತ್ತು.

ಮಂಡಿಯೂರಿ ಕೂತು ಆ ದಾರಿಯ ಮೇಲೆ ನನ್ನ ಬೆರಳಿಟ್ಟು ಅಳೆದೆ. ಅಜ್ಜಿ ಹೋದ ಮೇಲೆ ಈ ಗೆರೆ ಎಳೆಯಲು ಬರುವವರು ಭೂಮಿಯ ಮೇಲೆ ಇಬ್ಬರೇ. ಒಬ್ಬಳು ಇಲ್ಲಿ ಮಂಡಿಯೂರಿ ಕೂತಿದ್ದಾಳೆ. ಇನ್ನೊಬ್ಬಳು ಆ ದಿನ ಚಿಂತಾಮಣಿಯಲ್ಲಿದ್ದೆ ಎಂದಿದ್ದಳು.

ಬೆಳಿಗ್ಗೆ ಅವಳು ಕೇಳಿದ ಮಾತು ಈಗ ಬೇರೆಯಾಗಿ ಕೇಳಿಸಿತು. ಬಾಯಿ ಮುಚ್ಚಿದರೆ ಇಂಜಿನ್ನು ನಿಂತುಹೋಗಬೇಕಲ್ಲಕ್ಕ? ನಿಲ್ಲುತ್ತದೆ ಎಂದು ನಂಬಿ, ಹುಳುವಿಗೆ ಹೊಗೆ ತಾಗದಿರಲಿ ಎಂಬ ಅಭ್ಯಾಸಕ್ಕೆ ಗೋಣಿ ತುರುಕಿದಳೇ? ಅಥವಾ ಬಿರುಕಿನ ವಿಷಯ ಗಂಡನಿಂದ ತಿಳಿದುಕೊಂಡೇ ಬಂದು ಕಟ್ಟಿ, ಇವತ್ತು ಬೆಳಿಗ್ಗೆ ನನ್ನ ಲೆಕ್ಕ ಎಲ್ಲಿಯವರೆಗೆ ಮುಟ್ಟಿದೆ ಎಂದು ನೋಡಿದಳೇ? ಅಷ್ಟು ಹೊತ್ತಿನಲ್ಲಿ ಅವಳು ಈ ರಸ್ತೆಗೆ ಬಂದದ್ದಾದರೂ ಯಾಕೆ? ಇದಕ್ಕೆ ನನ್ನ ಕಂಪ್ಯೂಟರಿನಲ್ಲಿ ಲೆಕ್ಕವಿರಲಿಲ್ಲ.

ಗೆರೆಯನ್ನು ಕೆಂಪರಾಜುಗೆ ತೋರಿಸಿದರೆ ಮುನೇಶ ನಾಳೆ ಮನೆಗೆ ಹೋಗುತ್ತಾನೆ, ಹೋದ ಮನೆಯಲ್ಲಿ ಕಲ್ಯಾಣಿ ಇರುವುದಿಲ್ಲ. ಕಾಲಿನಿಂದ ಒಂದು ಸಲ ಸವರಿದರೆ ಕಲ್ಯಾಣಿ ಉಳಿಯುತ್ತಾಳೆ, ಮುನೇಶ ಒಳಗೇ ಕೊಳೆಯುತ್ತಾನೆ.

ಫೋನು ಬಡಿದುಕೊಂಡಿತು. ಪುಟ್ಟ ತೆರೆಯ ಮೇಲೆ ಅವಳದೇ ಹೆಸರು.

"ಅಕ್ಕಾ, ಇವ್ರನ್ನ ನೋಡ್ಕೊಂಡ್ ಬಂದೆ. ನಮ್ಮಕ್ಕ ನಾಳೆ ನಿನ್ನ ಬಿಡಿಸ್ತಾಳೆ ಅಂದೆ. ಅತ್ತೇಬಿಟ್ರು. ಬಿಡಿಸ್ತೀಯಲ್ಲಕ್ಕ?"

"ಕಲ್ಯಾಣಿ," ಎಂದೆ. "ನಾನು ಕಳವಾರದಲ್ಲಿದೀನಿ. ಬಂಡೆ ಹತ್ರ."

ಆ ಕಡೆ ಬಸ್ಸಿನ ಹಾರನ್ನು, ಯಾರದೋ ಕೂಗು.

ಹಿಂದೆ ಒಣಹುಲ್ಲಿನ ಮೇಲೆ ಬೂಟಿನ ಸದ್ದು. "ಏನ್ ಸಿಕ್ತು ಮೇಡಂ?" ಎನ್ನುತ್ತ ಕೆಂಪರಾಜು ಬರುತ್ತಿದ್ದರು.

ಬೆಳಗಿನಿಂದ ಹುಳುಗಳ ಬಗ್ಗೆ, ಅವು ಈ ಬಂಡೆಯ ಕೆಳಗಿದ್ದವೆಂಬ ಬಗ್ಗೆ, ನಾನು ಅವಳಿಗೆ ಒಂದು ಮಾತೂ ಹೇಳಿರಲಿಲ್ಲ.

"ಹುಳು ಚೆನ್ನಾಗಿದಾವಾ ಅಕ್ಕ?" ಎಂದು ಕಲ್ಯಾಣಿ ಕೇಳಿದಳು.